ಅವ್ವನ ಧ್ವನಿ, ನಡುವಣ ಮೌನ

ಹಿರಿಯರ ಭಾವಚಿತ್ರವಿಲ್ಲದ ಮನೆ ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಹಿರಿಯರ ಧ್ವನಿ ಉಳಿದಿರುವ ಮನೆಗಳು ಮಾತ್ರ ವಿರಳ. ಆ ಭಾಗ್ಯ ನಮಗೆ ದೊರೆತಿತ್ತು. ನಮ್ಮ ಅವ್ವ ಸೋಮವಾರದ ಸಂಜೆ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತು ವಚನಗಳನ್ನು ಹಾಡುತ್ತಿದ್ದಳು. ಗುರುಗಳ ಬಳಿ ಸಂಗೀತ ಕಲಿತವಳಲ್ಲ; ತವರಿನಲ್ಲಿ ಕೇಳಿ ಕೇಳಿ ಬಂದ ಧಾಟಿ ಅದು. 1986ರಲ್ಲಿ ಹಿರಿಯಣ್ಣನವರು ಟೇಪ್ ರೆಕಾರ್ಡರ್ ಕೊಂಡಾಗ ಆ ಹಾಡುಗಳು ಒಂಬತ್ತು ಕ್ಯಾಸೆಟ್‌ಗಳಲ್ಲಿ ಮುದ್ರಿತವಾದವು. ಅವ್ವ 2009ರಲ್ಲಿ ಲಿಂಗೈಕ್ಯಳಾದಳು. ಕ್ಯಾಸೆಟ್‌ಗಳು ಗದಗಿನ ಮನೆಯಲ್ಲಿ ಅತ್ತಿಗೆಯವರ ಟ್ರಂಕಿನೊಳಗೆ ಉಳಿದವು.

2022ರ ಶ್ರಾವಣದಲ್ಲಿ ಅವುಗಳನ್ನು ಧಾರವಾಡಕ್ಕೆ ತಂದೆವು. ಕ್ಯಾಸೆಟ್ಟಿನ ನಾಡಿ ಚಿರಂಜೀವಿಯಲ್ಲ. ಅದರ ಮೇಲಿನ ಕಾಂತೀಯ ಲೇಪ ವರ್ಷಗಳು ಕಳೆದಂತೆ ಸಡಿಲವಾಗಿ ಉದುರತೊಡಗುತ್ತದೆ, ನುಡಿಸಿದಷ್ಟೂ ಸವೆಯುತ್ತದೆ. ಆದುದರಿಂದ ಒಮ್ಮೆ ನುಡಿಸಿ, ಗಣಕಯಂತ್ರದಲ್ಲಿ ತುಂಬಿಕೊಂಡು, ಮೂಲವನ್ನು ಜೋಪಾನವಾಗಿ ಎತ್ತಿಡುವುದು ನಮ್ಮ ವಿಚಾರವಾಗಿತ್ತು. ಮಗನು ಕೀಬೋರ್ಡ್ ನುಡಿಸಲು ಬಳಸುತ್ತಿದ್ದ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಅದಕ್ಕೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯೂ ಇತ್ತು. ಸ್ನೇಹಿತರೊಬ್ಬರು ಟೇಪ್ ಡೆಕ್ ಕೊಟ್ಟರು.

ಮೊದಲ ಕ್ಯಾಸೆಟ್ಟನ್ನು ತುಂಬಿಕೊಂಡು ಕೇಳಿದೆವು. ಅವ್ವನ ಧ್ವನಿ ಕೇಳಿ ಕಣ್ಣು ತೇವಗೊಂಡುದು ನಿಜ. ಆದರೆ ಎರಡು ನಿಮಿಷ ಕಳೆಯುವಷ್ಟರಲ್ಲಿ ಶಬ್ದದ ನಡುವೆ ಧ್ವನಿ ಕಡಿದುಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಏನೂ ಇಲ್ಲ, ಬಳಿಕ ಪಟ್ಟೆಂಬ ಸಪ್ಪಳ, ಮತ್ತೆ ಹಾಡು. ಒಂದು ಬದಿಯ ಅರ್ಧ ಗಂಟೆಯಲ್ಲಿ ಇಂಥವು ಇಪ್ಪತ್ತಕ್ಕೂ ಹೆಚ್ಚು. ಎರಡನೆಯ ಕ್ಯಾಸೆಟ್ಟಿನಲ್ಲಿಯೂ ಅದೇ ಪಾಡು.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ವಿಚಾರಿಸದೆ ಗದಗಿಗೆ ಫೋನು ಮಾಡಿ, ಕ್ಯಾಸೆಟ್‌ಗಳನ್ನು ಸರಿಯಾಗಿ ಇಟ್ಟಿಲ್ಲ, ಅವ್ವನ ಹಾಡು ಹಾಳಾಗಿ ಹೋಯಿತೆಂದು ಹೇಳಿಬಿಟ್ಟೆವು. ಅತ್ತಿಗೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, "ವರ್ಷಾ ತೆಗೆದು, ಒಣಾ ಅರಿವಿಲೆ ಒರಸಿ ಇಟ್ಟೀನಿ ತಮ್ಮಾ" ಎಂದಷ್ಟೇ ನುಡಿದು ಫೋನು ಇಟ್ಟರು. ಆ ವರ್ಷ ದಸರೆಗೆ ಬನ್ನಿ ಕೊಡಲು ನಾವು ಗದಗಿಗೆ ಹೋಗಲಿಲ್ಲ. ಹಿರಿಯರಿಗೆ ಬನ್ನಿ ಕೊಟ್ಟು ನಮಸ್ಕರಿಸದೆ ಕಳೆದ ದಸರೆ ನಮ್ಮ ಬಾಳಿನಲ್ಲಿ ಅದೊಂದೇ.

ದಸರೆಗೆ ಊರಿಗೆ ಬಂದಿದ್ದ ಮಗನು ಆ ಮುದ್ರಣ ಕೇಳಿ, ಒಂದೇ ಭಾಗವನ್ನು ಎರಡು ಸಲ ತುಂಬಿ ನೋಡಿದಿರಾ ಎಂದು ಪ್ರಶ್ನಿಸಿದನು. ದೋಷ ನಾಡಿಯಲ್ಲಿದ್ದರೆ ಎರಡು ಸಲವೂ ಅದೇ ಶಬ್ದದಲ್ಲಿ ಕಡಿಯಬೇಕು. ಸ್ಥಳ ಬದಲಾದರೆ ನಾಡಿ ನಿರಪರಾಧಿ. ಇಷ್ಟು ಸರಳವಾದ ಪರೀಕ್ಷೆ ನಮಗೆ ತೋಚಿರಲಿಲ್ಲ! ಅವ್ವನ ನಾಡಿಯನ್ನು ಸವೆಸಲು ಮನಸ್ಸು ಬಾರದೆ ಹಳೆಯ ಚಿತ್ರಗೀತೆಗಳ ಕ್ಯಾಸೆಟ್ಟೊಂದನ್ನು ಹುಡುಕಿ ಎರಡು ಸಲ ತುಂಬಿದೆವು. ಮೊದಲ ಸಲ ಪಲ್ಲವಿಯಲ್ಲಿ ಕಡಿದುದು ಎರಡನೆಯ ಸಲ ಪಲ್ಲವಿಯನ್ನು ದಾಟಿ ಚರಣದಲ್ಲಿ ಕಡಿಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ದೋಷದ ಬಗೆಯನ್ನು ಮಗನು ವಿವರಿಸಿದಂತೆ ಇಲ್ಲಿ ಹೇಳುತ್ತೇವೆ. ಇಂಟರ್‌ಫೇಸ್ ಪೆಟ್ಟಿಗೆ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಈ ಅಳತೆಗಳು ನಲ್ಲಿಯ ನೀರಿನಂತೆ ನಿಲ್ಲದೆ ಬರುತ್ತವೆ. ನಲ್ಲಿಯ ಕೆಳಗೆ ಪಾತ್ರೆಯಿಟ್ಟು, ತುಂಬಿದೊಡನೆ ಅದನ್ನು ತೆಗೆದು ಬರಿದಾದುದನ್ನು ಇಡುವುದು ಲ್ಯಾಪ್‌ಟಾಪಿನ ಕೆಲಸ. ಗೃಹಿಣಿ ಒಳಗಿನ ಕರೆಗೆ ಓಗೊಟ್ಟು ಹೋದರೆ ನೀರು ಚೆಲ್ಲುವಂತೆ, ಯಂತ್ರ ಬೇರೊಂದು ಕೆಲಸದಲ್ಲಿ ತೊಡಗಿದರೆ ಅಷ್ಟು ಧ್ವನಿ ಚೆಲ್ಲಿಹೋಗುತ್ತದೆ. ಆ ಪಾತ್ರೆಗೆ ಬಫರ್ ಎಂದು ಹೆಸರು. ನಮ್ಮಲ್ಲಿ ಅದು 128 ಅಳತೆಗಳಷ್ಟಿತ್ತು. ಎಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿಗೂ ಕಡಿಮೆ. ಕೀಬೋರ್ಡಿನ ಮನೆ ಒತ್ತಿದ ಕ್ಷಣವೇ ನಾದ ಕೇಳಬೇಕಾದುದರಿಂದ ಮಗನು ಬೇಕೆಂದೇ ಸಣ್ಣ ಚೊಂಬನ್ನು ಇಟ್ಟಿದ್ದನು. ಕ್ಯಾಸೆಟ್ ತುಂಬಿಕೊಳ್ಳುವವರಿಗೆ ಆ ಅವಸರವೇನು? 1024ಕ್ಕೆ ಏರಿಸಿದೆವು. ಚೊಂಬಿನ ಬದಲು ಕೊಡ ಇಟ್ಟಂತಾಯಿತು. ಇಪ್ಪತ್ತು ಕಡಿತಗಳಿದ್ದಲ್ಲಿ ಎರಡು ಮೂರು ಉಳಿದವು.

ಆ ಎರಡು ಮೂರಕ್ಕೆ ನಾಲ್ಕು ದಿನ ಹಿಡಿಯಿತು. ಯಾವಾಗಲೋ ಬಂದು ಯಾವಾಗಲೋ ಮಾಯವಾಗುವ ದೋಷವನ್ನು ಹಿಡಿಯುವುದು ರಾತ್ರಿಯ ಕಳ್ಳನನ್ನು ಹಿಡಿದಂತೆಯೇ ಸರಿ. ತಂತಿ ಬದಲಿಸಿದೆವು, ಇಂಟರ್‌ಫೇಸನ್ನು ಹಬ್‌ನಿಂದ ಬಿಡಿಸಿ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದೆವು, ಫಲವಿಲ್ಲ. ಬಳಿಕ ಮಗನು ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹಾಕಿದನು. ಯಂತ್ರದ ಒಳಗಿನ ಯಾವ ಕೆಲಸ ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತೆಂಬುದನ್ನು ಅದು ಲೆಕ್ಕ ಇಡುತ್ತದೆ. ಅರ್ಧ ಗಂಟೆ ಓಡಿಸಿದಾಗ ಪಟ್ಟಿಯ ತಲೆಯಲ್ಲಿ ನಿಂತುದು ವೈಫೈ ಜಾಲದ ಡ್ರೈವರ್. ಯಾರೂ ಅಂತರಜಾಲ ನೋಡದಿದ್ದರೂ ಅದು ಆಗಾಗ ಸುತ್ತಲಿನ ಜಾಲಗಳನ್ನು ಹುಡುಕುತ್ತ ಪ್ರೊಸೆಸರನ್ನು ತನ್ನ ಬಳಿಗೆ ಕರೆಯುತ್ತಿತ್ತು. ವೈಫೈ ಆರಿಸಿದೆವು. ವಿದ್ಯುತ್ ಉಳಿತಾಯದ ವ್ಯವಸ್ಥೆ ಪ್ರೊಸೆಸರಿನ ವೇಗವನ್ನು ತಗ್ಗಿಸದಂತೆ ಮಾಡಿ, ಚಾರ್ಜರನ್ನು ಸಿಕ್ಕಿಸಿಯೇ ಇಟ್ಟೆವು. ಚಿತ್ರಗೀತೆಗಳ ಕ್ಯಾಸೆಟ್ ಎರಡೂ ಬದಿ ಒಂದೂ ಕಡಿತವಿಲ್ಲದೆ ಮುಗಿಯಿತು.

ಅನಂತರವೇ ಅವ್ವನ ಕ್ಯಾಸೆಟ್‌ಗಳನ್ನು ಮುಟ್ಟಿದೆವು. ಈ ಕೆಲಸಕ್ಕೆ ಕೈಹಾಕುವ ಓದುಗರಿಗೆ ಒಂದು ಮಾತು: ನುಡಿಸುವ ಮುನ್ನ ನಾಡಿಯನ್ನು ಕಡೆಯವರೆಗೆ ಸುತ್ತಿ ಮರಳಿ ಸುತ್ತಿರಿ, ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಿ, ಎಂಪಿ3ಯಲ್ಲಿ ಕುಗ್ಗಿಸದೆ ವೇವ್ ರೂಪದಲ್ಲಿಯೇ ಉಳಿಸಿರಿ. ಒಂದು ಗಂಟೆಯ ಹಾಡಿಗೆ 600 ಮೆಗಾಬೈಟಿಗಿಂತ ತುಸು ಹೆಚ್ಚು ಸ್ಥಳ ಬೇಕಾದೀತು. ಈಗಿನ ಕಾಲದಲ್ಲಿ ಅದೇನು ಹೆಚ್ಚಲ್ಲ.

ಒಂಬತ್ತು ಕ್ಯಾಸೆಟ್‌ಗಳೂ ಮುಗಿದವು. ನಾಲ್ಕನೆಯದರ ಎರಡನೆಯ ಬದಿಯಲ್ಲಿ ಮಾತ್ರ ಒಂದೆಡೆ ಏಳೆಂಟು ಸೆಕೆಂಡು ಧ್ವನಿಯೇ ಇಲ್ಲ. ಮನಸ್ಸು ಗಟ್ಟಿಮಾಡಿ ಮತ್ತೊಮ್ಮೆ ತುಂಬಿದೆವು. ಅದೇ ಶಬ್ದದ ಬಳಿ, ಅಷ್ಟೇ ಮೌನ. ಇದು ನಾಡಿಯದೇ ಎಂದು ತಿಳಿಯಿತು, ಕಾರಣ ತಿಳಿಯಲಿಲ್ಲ.

ದೀಪಾವಳಿಗೆ ಗದಗಿಗೆ ಹೋದೆವು. ಬನ್ನಿ ಕೊಡುವ ದಿನ ಎಂದೋ ದಾಟಿತ್ತು. ಅಂಗಳದಲ್ಲಿಯೇ ಅತ್ತಿಗೆಯವರ ಕಾಲಿಗೆರಗಿ, ಕೆಟ್ಟುದು ನಿಮ್ಮ ಕ್ಯಾಸೆಟ್ಟಲ್ಲ, ನಮ್ಮ ಯಂತ್ರವೆಂದೆವು. ಅವರು ಅದಕ್ಕೆ ಉತ್ತರ ಹೇಳದೆ, "ಮದ್ಲ ಒಳಗ ಬರ್ರಿ, ಊಟಾ ಆಗ್ಲಿ" ಎಂದರು.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕುಳಿತು ಕೇಳಿದೆವು. ನಾಲ್ಕನೆಯ ಕ್ಯಾಸೆಟ್ಟಿನ ಆ ಸ್ಥಳ ಬಂದಾಗ ಅತ್ತಿಗೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಅವರು ಸೊಸೆಯಾಗಿ ಬಂದ ಹೊಸತರ ಕಥೆಯಂತೆ ಅದು. ಮೈಕು ಹಿಡಿದು ಕೂಡಲು ಅವರಿಗೆ ಹೇಳಿದ್ದರು. ಒಲೆಯ ಮೇಲಿನ ಹಾಲು ಉಕ್ಕಿದ ಸಪ್ಪಳ ಕೇಳಿ ಏಳುವ ಗಡಿಬಿಡಿಯಲ್ಲಿ ಮೈಕಿನ ಗುಂಡಿ ಆರಿಹೋಯಿತು. ಅಣ್ಣನವರು ನೋಡಿ ಮತ್ತೆ ಒತ್ತುವವರೆಗೆ ಅವ್ವ ಹಾಡುತ್ತಲೇ ಇದ್ದಳು. "ಅತ್ತಿ ಒಂದು ಮಾತೂ ಬೈಲಿಲ್ಲ" ಎಂದರು ಅತ್ತಿಗೆಯವರು.

ಆ ಏಳೆಂಟು ಸೆಕೆಂಡುಗಳನ್ನು ಕತ್ತರಿಸಿ ಹಾಡನ್ನು ಕೂಡಿಸಿಕೊಡುವೆನೆಂದು ಮಗನು ಹೇಳಿದನು. ಅತ್ತಿಗೆಯವರು ಬೇಡವೆಂದರು.