ಮಹಾರಾಜರ ಪ್ಲೇಟಿನಲ್ಲಿ ಎರಡು ಹಕ್ಕಿ

ಹೆಡ್‌ಫೋನ್ ಹಾಕಿಕೊಳ್ಳಿ. ಫ್ಯಾನ್ ಆರಿಸಿಬಿಡಿ, ಅದರ ಸದ್ದು ಈ ರೆಕಾರ್ಡಿನ ಸದ್ದಿನ ಜೊತೆ ಬೆರೆತರೆ ಆಮೇಲೆ ಯಾವುದು ಯಾವುದೆಂದು ಬಿಡಿಸಲಾಗದು. ಪ್ಲೇ ಒತ್ತಿದ ಕೂಡಲೇ, ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಚರಚರ ಕಿವಿ ತುಂಬಿಕೊಳ್ಳುತ್ತದೆ. ಅದರಾಚೆ, ಬಹಳ ದೂರದಲ್ಲಿ, ಜನ ತುಂಬಿದ ದೊಡ್ಡ ಜಾಗವೊಂದರ ಗುಂಯ್‌ಗುಡುವ ಸದ್ದು.

1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಎಂಬತ್ತನಾಲ್ಕರ ಆಸುಪಾಸಿನಲ್ಲಿ, 1948ರಲ್ಲಿ ಬರೆದ ನಾಲ್ಕು ಹಾಡುಗಳು ಇವತ್ತು ಮೊದಲ ಸಲ ಜನರ ಮುಂದೆ ಬರುತ್ತಿವೆ. ಬರೆದವರು ಇಲ್ಲ, ಹಿಂದಿನ ವರ್ಷದ ಸೆಪ್ಟೆಂಬರ್ 8ರಂದು ತೀರಿಕೊಂಡರು. ಅವರ ಹೆಂಡತಿ ಪೌಲಿನೆಯೂ ಇಲ್ಲ. ಈ ಕಛೇರಿಗೆ ಒಂಬತ್ತು ದಿನವಿರುವಾಗ ಹೋಗಿಬಿಟ್ಟರು. ಫಿಲ್ಹಾರ್ಮೋನಿಯಾ ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಂತಿರುವವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಪಕ್ಕದಲ್ಲಿ ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಈ ಹಾಡುಗಳನ್ನು ನೀವೇ ಮೊದಲು ಹಾಡಬೇಕೆಂದು ಸ್ಟ್ರಾಸ್ ಕೇಳಿಕೊಂಡಿದ್ದದ್ದು ಅವರನ್ನೇ.

ಇನ್ನೊಬ್ಬರೂ ಸಭಾಂಗಣದಲ್ಲಿಲ್ಲ. ಈ ಹಾಡುಗಳ ಕಾರ್ಯಕ್ರಮಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ಅವರು, ಮೈಸೂರಿನ ಜಯಚಾಮರಾಜ ಒಡೆಯರ್. ವಯಸ್ಸು ಇನ್ನೂ ಮೂವತ್ತು. ಬರಲಾಗಲಿಲ್ಲ. ಆದರೆ ಹಾಡುಗಳನ್ನು ಮುದ್ರಿಸಿಕೊಂಡು ಮೈಸೂರಿಗೆ ಕಳಿಸಬೇಕು ಎಂಬುದು ಒಪ್ಪಂದ. ಅರಮನೆಯ ಸಂಗ್ರಹದಲ್ಲಿ ಆ ಹೊತ್ತಿಗಾಗಲೇ ಸುಮಾರು 20,000 ಗ್ರಾಮಫೋನ್ ಪ್ಲೇಟುಗಳಿದ್ದವಂತೆ; ಅವುಗಳ ಜೊತೆ ಇದೂ ಸೇರಬೇಕು. ನಮಗೆ ಅವರು 'ಶ್ರೀವಿದ್ಯಾ' ಅಂಕಿತದ ಕೃತಿಗಳ ವಾಗ್ಗೇಯಕಾರರು. ಲಂಡನ್ನಿನವರಿಗೆ ಇನ್ನೊಂದು ಪರಿಚಯ: ಪಿಯಾನೊ ಕಲಿತು 1945ರಲ್ಲಿ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಶಿಯೇಟ್ ಪಡೆದವರು, ರಷ್ಯದ ಸಂಗೀತ ರಚನೆಕಾರ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅರ್ಪಿಸಿದ್ದು ಇವರಿಗೇ.

ಅಂದರೆ ದುಡ್ಡು ಕೊಟ್ಟವರೂ ನಮ್ಮ ಹಾಗೆಯೇ, ಪ್ಲೇಟಿನಿಂದ ಕೇಳಬೇಕಾದವರು. ಹಾಲಿನ ಮೊದಲ ಸಾಲಿನ ಕುರ್ಚಿಗಿಂತ ಈ ಜಾಗ ಕಡಿಮೆಯದೆಂದು ನನಗೇನೂ ಅನಿಸಿಲ್ಲ.

ಮೊದಲ ಹಾಡು ಶುರುವಾಗುತ್ತಿದೆ. ಇವತ್ತಿನ ರೂಢಿಯಲ್ಲಿ ವಸಂತದ ಹಾಡು ಮೊದಲು ಬರುತ್ತದೆ. ಆ ರಾತ್ರಿ ಮಾತ್ರ ನಿದ್ದೆಯ ಹಾಡಿನಿಂದ ಆರಂಭ. ಹರ್ಮನ್ ಹೆಸ್ಸೆಯ ಕವಿತೆ. ತಳದಲ್ಲಿ ಚೆಲ್ಲೊಗಳು, ಡಬಲ್ ಬಾಸ್‌ಗಳು ಒಂದರ ಬೆನ್ನಿಗೊಂದು ತೆವಳಿಕೊಂಡು ಮೇಲೇಳುತ್ತವೆ. ರೆಕಾರ್ಡು ಅವುಗಳನ್ನೆಲ್ಲ ಕಲಸಿ ಒಂದೇ ಮುದ್ದೆ ಮಾಡಿಬಿಟ್ಟಿದೆ. ಎಷ್ಟು ಜನ ನುಡಿಸುತ್ತಿದ್ದಾರೆ ಎಂದು ಎಣಿಸಲು ಹೋಗಬೇಡಿ. ಭಾರವೊಂದು ಏಳುತ್ತಿದೆ ಎಂದಷ್ಟೇ ಹಿಡಿದುಕೊಳ್ಳಿ, ಅದು ಸಾಕು.

ಆಮೇಲೆ ದನಿ. ಚರಚರದ ನಡುವಿನಿಂದ ಫ್ಲಾಗ್‌ಸ್ಟಾಡ್ ನೇರವಾಗಿ ಬರುತ್ತಾರೆ. ಐವತ್ನಾಲ್ಕು ವಯಸ್ಸಿನ ದನಿ. ಬೆಳ್ಳಿಯ ಹೊಳಪಿನದಲ್ಲ, ದಪ್ಪ ಕಂಚಿನದು. ಗಮನವಿಟ್ಟರೆ ಅದರ ಬಾಲದಲ್ಲಿ ಇನ್ನೊಂದು ತೆಳು ದನಿ ಅಂಟಿಕೊಂಡಿರುವಂತೆ ಕೇಳಿಸೀತು. ಆಲ್ಬರ್ಟ್ ಹಾಲಿನ ಗುಮ್ಮಟ ಹಾಗೆಯೇ, ಹಾಡಿದ್ದನ್ನು ವಾಪಸು ಕಳಿಸುವಂಥದು. ಆ ಕಾಟ ತಗ್ಗಿಸಲು ಫೈಬರ್‌ಗ್ಲಾಸಿನ ದೊಡ್ಡ ದೊಡ್ಡ ಅಣಬೆಗಳನ್ನು ಛಾವಣಿಯಿಂದ ತೂಗುಬಿಟ್ಟದ್ದು 1969ರಲ್ಲಿ.

ದಣಿದ ದೇಹ ಮಲಗಲು ಹೊರಟಿದೆ, ಕೈಗಳು ಕೆಲಸ ಬಿಡಬೇಕು, ತಲೆ ಯೋಚನೆ ಮರೆಯಬೇಕು. ಎರಡು ಚರಣ ಮುಗಿದದ್ದೇ ಗಾಯಕಿ ನಿಲ್ಲಿಸುತ್ತಾರೆ. ಒಂದೇ ಒಂದು ಪಿಟೀಲು ಏಳುತ್ತದೆ. ಇಲ್ಲಿ ಸ್ವಲ್ಪ ವಾಲ್ಯೂಮ್ ಹೆಚ್ಚಿಸಬೇಕು ಅನಿಸುತ್ತದೆ. ಹೆಚ್ಚಿಸಿದರೆ ಚರಚರವೂ ಹೆಚ್ಚುತ್ತದೆ, ಲಾಭವಿಲ್ಲ. ಹಾಗೇ ಕಾಯಿರಿ. ಪಿಟೀಲು ಹೇಳಿಕೊಟ್ಟ ದಾರಿಯಲ್ಲೇ ದನಿ ಮತ್ತೆ ಹೊರಡುತ್ತದೆ. ಕಾವಲು ತಪ್ಪಿದ ಆತ್ಮ ರಾತ್ರಿಯ ಬಯಲಿಗೆ ಹಾರಿ ಹೋಗುವ ಚರಣ ಅದು. ನಮ್ಮ ಕಛೇರಿಯಲ್ಲಿ ಹಾಡಿದ್ದನ್ನು ಪಿಟೀಲು ಹಿಂಬಾಲಿಸುತ್ತದೆ. ಇಲ್ಲಿ ಪಿಟೀಲು ಮುಂದೆ, ಹಾಡು ಹಿಂದೆ.

ಎರಡನೆಯದು 'ಸೆಪ್ಟೆಂಬರ್'. ಇದೂ ಹೆಸ್ಸೆಯದೇ. ತೋಟಕ್ಕೆ ದುಃಖ ಬಂದಿದೆ, ಹೂವಿನೊಳಗೆ ತಣ್ಣನೆಯ ಮಳೆ ಇಳಿಯುತ್ತಿದೆ, ಮರದಿಂದ ಹೊಂಬಣ್ಣದ ಎಲೆ ಒಂದೊಂದಾಗಿ ಬೀಳುತ್ತಿದೆ. ಬೇಸಿಗೆ ತನ್ನ ಸಾವನ್ನು ತಾನೇ ನೋಡಿ, ಅಚ್ಚರಿಪಟ್ಟು, ಸಣ್ಣಗೆ ನಗುತ್ತಿದೆ. ಸ್ಟ್ರಾಸ್ ಆ ಮಳೆಯನ್ನು ಪಿಟೀಲುಗಳ ಹಲವು ಪಾಲುಗಳಿಗೂ ಕೊಳಲುಗಳಿಗೂ ಹಂಚಿದ್ದಾರೆ. ಬಿರುಮಳೆಯಲ್ಲ, ಬಿಟ್ಟೂ ಬಿಡದೆ ಸುರಿಯುವ ಜಿಟಿಜಿಟಿ; ಸಣ್ಣ ಸಣ್ಣ ಸ್ವರಗಳು ಒಂದರೊಳಗೊಂದು ಇಳಿಯುತ್ತಲೇ ಇರುತ್ತವೆ.

ತೊಡಕಿರುವುದು ಇಲ್ಲೇ. ಪ್ಲೇಟಿನ ಗೀರುಗಳ ಸದ್ದಿಗೂ ತಾರದ ಕೊಳಲಿಗೂ ಕಿವಿಯಲ್ಲಿ ಒಂದೇ ಬೀದಿ. ಹಳೆಯ ಮುದ್ರಣದಲ್ಲಿ ಮೊದಲು ಮುಳುಗಿಹೋಗುವುದು ಏರುಸ್ಥಾಯಿಯ ನವಿರು ಸ್ವರಗಳು. ನಡುಸ್ಥಾಯಿಯವು ಹೇಗೋ ಉಳಿದುಕೊಳ್ಳುತ್ತವೆ. ಸ್ಟ್ರಾಸ್ ತನ್ನ ಮಳೆ, ಎಲೆ, ಹಕ್ಕಿಗಳನ್ನು ಎಲ್ಲಿಟ್ಟಿದ್ದಾರೋ ಪ್ಲೇಟು ಅಲ್ಲೇ ಬಾಯಿ ಹಾಕಿದೆ. ಬೇಕಾದರೆ ಒಂದು ನಿಮಿಷ ಇದನ್ನು ನಿಲ್ಲಿಸಿ, ಗಾಯಕಿ ಜೆಸ್ಸಿ ನಾರ್ಮನ್ ಅವರು ಕುರ್ಟ್ ಮಾಸುರ್ ನಿರ್ದೇಶನದಲ್ಲಿ ಲೈಪ್‌ಝಿಗ್‌ನಲ್ಲಿ 1982ರಲ್ಲಿ ಹಾಡಿದ್ದನ್ನು ಹಾಕಿ ನೋಡಿ. ಹನಿ ಹನಿಯೂ ಬೇರೆ ಬೇರೆ ಕೇಳಿಸುತ್ತದೆ. ಈ ಹಾಡುಗಳನ್ನು ಇನ್ನೂ ಕೇಳಿಯೇ ಇಲ್ಲದವರಿಗೆ ನಾನು ಕೊಡುವುದೂ ಅದನ್ನೇ. ಆದರೆ ಅದರಲ್ಲಿ ಎಲ್ಲವೂ ಬಡಿಸಿಟ್ಟಿರುತ್ತದೆ. 1950ರದಕ್ಕೆ ವಾಪಸು ಬಂದರೆ ಮಳೆ ಎಲ್ಲಿದೆ ಎಂದು ನಾವೇ ಹುಡುಕಬೇಕು, ಹುಡುಕುವಾಗ ಕಿವಿ ಮಾಡುವ ಕೆಲಸವೇ ಬೇರೆ. ಗೀರಿನ ಚರಚರಕ್ಕೆ ಲಯವಿಲ್ಲ. ಮಳೆಗಿದೆ. ಒಂದು ಹಂತದಲ್ಲಿ, ದನಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ, ಲಯವಿರುವ ಸದ್ದು ಲಯವಿಲ್ಲದ ಸದ್ದಿನಿಂದ ಕಳಚಿಕೊಳ್ಳುತ್ತದೆ. ಸಿಕ್ಕಿತು. ಮತ್ತೆ ಹೋಯಿತು.

ಹಾಡಿನ ಕೊನೆಗೆ ಬೇಸಿಗೆ ಕಣ್ಣು ಮುಚ್ಚುತ್ತದೆ, ಗಾಯಕಿ ಸುಮ್ಮನಾಗುತ್ತಾರೆ, ಉಳಿದದ್ದನ್ನು ಹಾರ್ನ್ ಹೇಳುತ್ತದೆ. ಸ್ಟ್ರಾಸ್‌ರ ತಂದೆ ಫ್ರಾಂಝ್ ಮ್ಯೂನಿಕ್‌ನ ಆಸ್ಥಾನ ವಾದ್ಯವೃಂದದ ಹೆಸರಾಂತ ಹಾರ್ನ್ ವಾದಕರು. ಮಗ ಹುಟ್ಟಿನಿಂದ ಕೇಳುತ್ತ ಬೆಳೆದ ವಾದ್ಯ ಇದು. ಫಿಲ್ಹಾರ್ಮೋನಿಯಾಕ್ಕೆ ಆ ವರ್ಷಗಳಲ್ಲಿ ಡೆನಿಸ್ ಬ್ರೇನ್‌ರಂಥ ಮುಖ್ಯ ಹಾರ್ನ್ ವಾದಕರಿದ್ದರು. ಹಾರ್ನಿನ ನಡುಸ್ಥಾಯಿಗೆ ಪ್ಲೇಟು ಏನೂ ಮಾಡಲಾಗಿಲ್ಲ. ಇಷ್ಟು ಹೊತ್ತು ಮಂಜಿನಲ್ಲಿ ತಡಕಾಡುತ್ತಿದ್ದ ಕಿವಿಗೆ ಒಮ್ಮೆಲೇ ನೆಲ ಸಿಗುತ್ತದೆ.

ಮೂರನೆಯದು 'ವಸಂತ'. ಬೇಗ ದಾಟಿಬಿಡುತ್ತೇನೆ, ನಾಲ್ಕರಲ್ಲಿ ನನಗೆ ಕಡಿಮೆ ಹಿಡಿಸುವುದು ಇದೇ. ಮಬ್ಬು ಗವಿಯಿಂದ ಬೆಳಕಿಗೆ ಬರುವ ಹಾಡು, ದನಿ ಏರುತ್ತಲೇ ಹೋಗಬೇಕು. ಫ್ಲಾಗ್‌ಸ್ಟಾಡ್‌ರ ಆ ಕಂಚಿಗೆ ಗಿಡುಗನಂತೆ ತೇಲುವುದು ಒಗ್ಗುತ್ತದೆ, ಗುಬ್ಬಿಯಂತೆ ಚಿಮ್ಮುವುದು ಒಗ್ಗುವುದಿಲ್ಲ. ನಿದ್ದೆ, ಶರತ್ಕಾಲ ಆದ ಮೇಲೆ ವಸಂತ ಬಂದದ್ದೂ ಯಾಕೋ ದಾರಿ ತಪ್ಪಿ ಬಂದಂತಿದೆ.

ನಾಲ್ಕನೆಯದಕ್ಕೆ ನೆಟ್ಟಗೆ ಕೂತುಕೊಳ್ಳಿ. 'ಸಂಜೆಗೆಂಪಿನಲ್ಲಿ'. ಕವಿ ಐಖೆನ್‌ಡಾರ್ಫ್. ಸ್ಟ್ರಾಸ್ ನಾಲ್ಕರಲ್ಲಿ ಮೊದಲು ಬರೆದು ಮುಗಿಸಿದ್ದು ಇದನ್ನೇ, 1948ರ ಮೇ ತಿಂಗಳಲ್ಲಿ. ದನಿಗೆ ಮೊದಲು ಇಡೀ ವಾದ್ಯವೃಂದ ಬಾಗಿಲು ಪೂರ್ತಿ ತೆರೆಯುತ್ತದೆ. ಕಿವಿಯ ಮಟ್ಟಿಗೆ ಇದು ಕಷ್ಟದ ಜಾಗ: ಅಷ್ಟು ದೊಡ್ಡ ನಾದವನ್ನು ತಡೆಯಲಾಗದೆ ಮುದ್ರಣ ಅಂಚುಗಳಲ್ಲಿ ಹರಿಯುತ್ತದೆ, ಪಿಟೀಲುಗಳು ಕರಕರ ಎನ್ನುತ್ತವೆ. ಸಹಿಸಿಕೊಳ್ಳಿ. ಫುರ್ಟ್‌ವೆಂಗ್ಲರ್ ಅವಸರಪಡುವುದಿಲ್ಲ. ನಾದ ತಾನಾಗಿ ಇಳಿಯುವವರೆಗೂ ಬಿಡುತ್ತಾರೆ, ಇಳಿದ ಮೇಲಷ್ಟೇ ದನಿಗೆ ಜಾಗ.

ಸುಖದಲ್ಲೂ ಕಷ್ಟದಲ್ಲೂ ಕೈ ಹಿಡಿದು ನಡೆದ ಇಬ್ಬರು, ನಡಿಗೆ ಮುಗಿಸಿ ನಿಂತಿದ್ದಾರೆ. ಸುತ್ತ ಕಣಿವೆಗಳು ಇಳಿದಿವೆ, ಆಗಸ ಕಪ್ಪಾಗುತ್ತಿದೆ. ಎರಡೇ ಎರಡು ಲಾರ್ಕ್ ಹಕ್ಕಿಗಳು ಮಂಜಿನೊಳಗೆ ಮೇಲೇರುತ್ತಿವೆ. ನಮ್ಮ ಬಯಲುಸೀಮೆಯಲ್ಲೂ ಅವುಗಳ ನೆಂಟರಿದ್ದಾರೆ. ಹೊಲದ ನಡುವಿನಿಂದ ಎದ್ದು, ಹಾಡುತ್ತಲೇ ಮೇಲೇರಿ, ಕಣ್ಣಿಗೆ ಚುಕ್ಕಿಯಾಗುತ್ತವೆ. ಹಕ್ಕಿಗಳ ಮಾತು ಬರುವ ಸಾಲಿನ ಹತ್ತಿರ ಕೊಳಲು ಜಾತಿಯ ವಾದ್ಯಗಳೆರಡು ಕಂಪಿಸುತ್ತವೆ. ಬೇರೆ ಯಾವ ರೆಕಾರ್ಡಿನಲ್ಲಾದರೂ ಕಿವುಡರಿಗೂ ಕೇಳಿಸೀತು. ಇಲ್ಲಿ ಮಾತ್ರ ಚರಚರದಲ್ಲಿ ಒಂದು ಸಣ್ಣ ಅಲುಗಾಟ, ಅಷ್ಟೇ. ಹಕ್ಕಿಯೋ, ಪ್ಲೇಟೋ? ಯಾರೋ ಕುರ್ಚಿ ಸರಿಸಿದ್ದೋ?

ದನಿ ಮುಂದೆ ಹೋಗುತ್ತದೆ, ಕೊನೆಯ ಸಾಲಿಗೆ ಬರುತ್ತದೆ. ಇದೇನು ಸಾವೇ, ಎಂದು ಕೇಳುತ್ತಾರೆ. ಮೂಲ ಕವಿತೆಯಲ್ಲಿ 'ಅದು' ಎಂದಿದ್ದದ್ದನ್ನು ಸ್ಟ್ರಾಸ್ 'ಇದು' ಎಂದು ಹತ್ತಿರಕ್ಕೆ ಎಳೆದುಕೊಂಡಿದ್ದಾರೆ. ಉತ್ತರ ಹಾಡಿನಲ್ಲಿಲ್ಲ, ವಾದ್ಯವೃಂದ ಕೊಡುತ್ತದೆ. 'ಸಾವು ಮತ್ತು ರೂಪಾಂತರ' ಎಂದು ಅವರು ಇಪ್ಪತ್ತೈದರ ವಯಸ್ಸಿನಲ್ಲಿ, 1889ರಲ್ಲಿ ಬರೆದು ಮುಗಿಸಿದ ಕೃತಿಯೊಂದಿದೆ. ಅದರ ರೂಪಾಂತರದ ಸ್ವರಮಾಲೆ ಅರವತ್ತು ವರ್ಷ ಹತ್ತಿರವಾಗುತ್ತಿರುವಾಗ ಇಲ್ಲಿ ತಿರುಗಿ ಬರುತ್ತದೆ. ಎಳೆಯ ವಯಸ್ಸಿನಲ್ಲಿ ಊಹಿಸಿ ಬರೆದಿದ್ದನ್ನು ಮುಪ್ಪಿನಲ್ಲಿ ತೆಗೆದು ನೋಡುವಂತೆ. ಇದೂ ನಡುಸ್ಥಾಯಿಯಲ್ಲೇ ಹಾಯುವುದರಿಂದ ಪ್ಲೇಟು ಬಿಟ್ಟುಕೊಟ್ಟಿದೆ. ಕೇಳಿ, ಸ್ಪಷ್ಟವಾಗಿದೆ.

ಇನ್ನು ಗಾಯಕಿಗೆ ಕೆಲಸವಿಲ್ಲ. ನಾದ ಇಳಿಯುತ್ತ ಹೋಗುತ್ತದೆ, ಕೊನೆಯ ಹತ್ತಿರ ಆ ಎರಡು ಹಕ್ಕಿಗಳು ಮತ್ತೆ ಬರಬೇಕು. ಬರುತ್ತವೆಂದು ಗೊತ್ತಿರುವುದರಿಂದ ಕೇಳಿಸಿತೋ, ನಿಜವಾಗಿ ಕೇಳಿಸಿತೋ ಎಂಬ ಅನುಮಾನ ನನಗೂ ಇದೆ. ಮೈಸೂರಿನಲ್ಲಿ ಪಾರ್ಸೆಲ್ ಬಿಚ್ಚಿ ಸೂಜಿ ಇಳಿಸಿದವರಿಗೆ ಆ ಗೊತ್ತಿರುವಿಕೆಯೂ ಇದ್ದಿರಲಾರದು. ಬೇರೆ ಮುದ್ರಣ ಇನ್ನೂ ಇರಲಿಲ್ಲ, ಹೋಲಿಸಿ ನೋಡುವ ಸವಲತ್ತಿಲ್ಲ. ಪಿಯಾನೊ ಬಲ್ಲ ಕಿವಿಯಾದ್ದರಿಂದ ಹಿಡಿದಿದ್ದರೂ ಹಿಡಿದಿರಬಹುದು. ನಾನು ಅರ್ಧ ನಿಮಿಷ ಹಿಂದಕ್ಕೆ ಸರಿಸಿ ಮತ್ತೆ ಒತ್ತುತ್ತೇನೆ. ಮೊದಲ ಹಕ್ಕಿ ಇದೆ, ಖಂಡಿತ ಇದೆ. ಎರಡನೆಯದಕ್ಕೆ ಇನ್ನೊಂದು ಸಲ ಒತ್ತಬೇಕು.