ನಾಲ್ಕು ವರ್ಷದ ತಪ್ಪು

ಅಂಧೇರಿ-ಕುರ್ಲಾ ರಸ್ತೆಯ ಮೇಲೆ 2014ರಿಂದ ಮೆಟ್ರೊ ಓಡುತ್ತಿದೆ. ಅದರ ಕಂಬಗಳ ಮರೆಯಲ್ಲಿ ಆಚೆ ಬದಿಯ ಗಾಡಿ ಕಾಣುವುದು ಹತ್ತಿರ ಬಂದ ಮೇಲೆಯೇ. ರಾತ್ರಿ ಹೋಟೆಲಿನ ಶಟರ್ ಎಳೆದು ಹೊರಬಿದ್ದ ಉಡುಪಿ, ಕುಂದಾಪುರದ ಕಡೆಯವರು ಡಿವೈಡರಿನ ಸಂದಿನಲ್ಲೇ ನುಗ್ಗಿ ದಾಟುತ್ತಾರೆ. ದಿನವಿಡೀ ಒಲೆಯ ಮುಂದೆ ನಿಂತ ಕಾಲುಗಳಿಗೆ ಜೀಬ್ರಾ ಗೆರೆಯವರೆಗೆ ನಡೆಯುವ ಕಸುವು ಇರುವುದಿಲ್ಲ.

ಅಂಥ ಒಬ್ಬ ಅಡುಗೆಯವನನ್ನು ಊಹಿಸಿಕೊಳ್ಳಿ. ವಯಸ್ಸು 32, ಸಂಬಳ ತಿಂಗಳಿಗೆ 15,000 ರೂಪಾಯಿ. ಊರಲ್ಲಿ ಹೆಂಡತಿ, ಮಗು, ತಾಯಿ. ಟೆಂಪೊ ಬಡಿದು ಆತ ಸತ್ತರೆ ನ್ಯಾಯಮಂಡಳಿ ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದೆ. ಸಂಬಳಕ್ಕೆ ಮುಂದಿನ ಏಳಿಗೆಯೆಂದು ಶೇ. 40 ಸೇರಿಸಿದರೆ 21,000. ಅವನ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ಗುಣಕ 16. ಒಟ್ಟು 26,88,000.

ಆಗ ವಿಮಾ ಕಂಪನಿಯ ವಕೀಲರು ಎದ್ದು, ದಾಟಬಾರದ ಕಡೆ ದಾಟಿದ್ದು ಯಾರು ಎಂದು ಕೇಳುತ್ತಾರೆ. ಶೇ. 25 ತಪ್ಪು ಅವನದೇ ಎಂದಾದರೆ 6,72,000 ಹೋಯಿತು. ಅಂದರೆ ಸರಿಯಾಗಿ ನಾಲ್ಕು ವರ್ಷದ ಅನ್ನ. ತಪ್ಪು ಸತ್ತವನದು, ಕಡಿತ ಮಾತ್ರ ಬದುಕಿರುವವರ ತಟ್ಟೆಗೆ.

ಈ 25 ಕಲ್ಪನೆಯದಲ್ಲ. ಸೈಕಲ್ ಮೇಲಿದ್ದ 18 ವರ್ಷದ ಹುಡುಗ ಸತ್ತ ಪ್ರಕರಣವೊಂದನ್ನು ಮುಂಬಯಿ ಮಹಾನಗರಪಾಲಿಕೆ ಸುಪ್ರೀಂ ಕೋರ್ಟಿನವರೆಗೆ ಒಯ್ದಿತ್ತು. 2003ರಲ್ಲಿ ಕೋರ್ಟು ಹುಡುಗನ ಪಾಲಿಗೂ ಅಷ್ಟೇ ತಪ್ಪನ್ನು ಕಟ್ಟಿತು. ಹಾಗೆ ನೋಡಿದರೆ ಭಾಗ ಮಾಡುವ ಈ ಪದ್ಧತಿ ದಯೆಯದೇ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ನಿಮ್ಮದು ಚೂರು ತಪ್ಪಿದ್ದರೂ ಕೈಗೆ ಬರುತ್ತಿದ್ದುದು ಸೊನ್ನೆ. 1842ರಲ್ಲಿ ಕಾಲು ಕಟ್ಟಿ ರಸ್ತೆಯಲ್ಲಿ ಬಿಟ್ಟಿದ್ದ ಕತ್ತೆಯೊಂದು ಗಾಡಿಗೆ ಸಿಕ್ಕಿ ಸತ್ತು ಆ ನಿಯಮವನ್ನು ಸಡಿಲಿಸಿತು. ಪೂರ್ತಿ ತೆಗೆಯಲು 1945ರ ಕಾಯ್ದೆಯೇ ಬರಬೇಕಾಯಿತು.

ಆದರೆ ನಿಯಮ ಮುರಿದದ್ದೇ ತಪ್ಪಿನ ಪಾಲಾಗುವುದಿಲ್ಲ. ಒಂದು ಬೈಕಿನಲ್ಲಿ ಮೂವರು ಕೂತಿದ್ದ ಪ್ರಕರಣದಲ್ಲಿ ಹೈಕೋರ್ಟು ಶೇ. 10 ಕತ್ತರಿಸಿತ್ತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು: ಮೂವರಿದ್ದದ್ದರಿಂದಲೇ ಅಪಘಾತವಾಯಿತೆಂದು ಅಥವಾ ಪೆಟ್ಟು ಹೆಚ್ಚಿತೆಂದು ತೋರಿಸಬೇಕು. ತೋರಿಸುವ ಹೊಣೆ ಹಾಗೆಂದು ವಾದಿಸುವವರದು. ಇದು ಗೊತ್ತಿಲ್ಲದೆ, "ನಮ್ಮವನದ್ದೂ ತಪ್ಪಿತ್ತು ಮಾರಾಯ್ರೆ" ಎಂದು ಕಡಿಮೆಗೆ ರಾಜಿಯಾಗುವ ಮನೆಯವರೂ ಇರುತ್ತಾರೆ.

ಇನ್ನೊಂದು ವಿಷಯ ಕರಾವಳಿಯ ಮನೆಗಳಿಗೆ ಮುಖ್ಯ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಅರ್ಜಿದಾರರು ತಾವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಪರಿಹಾರ ಕೇಳಬಹುದು. ಹೆಂಡತಿ ಮುಂಬಯಿಗೆ ಅಲೆಯಬೇಕಿಲ್ಲ. ಕಾಗದಗಳು ಮಾತ್ರ ಮರಾಠಿಯಲ್ಲಿ ಬರುತ್ತವೆ. ಅಲ್ಲಿನ ಪೊಲೀಸರು ಚಾಲಕನ ಬಗ್ಗೆ ಬರೆಯುವ 'ಹಯಗಯ' ನಮ್ಮ ಪೊಲೀಸರ 'ಅಜಾಗರೂಕತೆ'. 'ನಿಷ್ಕಾಳಜಿ' ಎಂಬುದರೊಳಗೆ ನಮ್ಮ ಕಾಳಜಿಯೇ ಕೂತಿದೆ, ಹಾಗಾಗಿ ಅದು ಹೇಗೋ ಅರ್ಥವಾಗುತ್ತದೆ. ಕಷ್ಟ ಕೊಡುವುದು ಸ್ಥಳ ಪಂಚನಾಮೆ. ರಸ್ತೆಯ ಅಗಲ, ಬ್ರೇಕಿನ ಗುರುತು, ದೇಹ ಬಿದ್ದ ಜಾಗ, ದೀಪ ಇತ್ತೋ ಇಲ್ಲವೋ ಎಂಬ ಒಣ ಸಾಲುಗಳಿಂದಲೇ ಎರಡೂ ಕಡೆಯವರು ಶೇಕಡಾವಾರು ಎಳೆದಾಡುತ್ತಾರೆ. "ರಸ್ತೆ ದಾಟುತ್ತಿದ್ದ" ಎನ್ನುವುದು ಕನ್ನಡಕ್ಕೆ ಬರುವಾಗ "ರಸ್ತೆಗೆ ನುಗ್ಗಿದ" ಎಂದಾದರೆ, ಆ ಒಂದು ಕ್ರಿಯಾಪದದ ಬೆಲೆ 6,72,000 ರೂಪಾಯಿ ಆದೀತು.