ಅಂಗೈಯಲ್ಲಿನ ರಬ್ಬರು ಬಳೆ

ಹುಣಸೂರಿನ ಪೇಟೆಯಲ್ಲಿ, ಲಕ್ಷ್ಮಣತೀರ್ಥದ ಸೇತುವೆಗೆ ಅನತಿದೂರದಲ್ಲಿ, ನಾನು ಬಾಲ್ಯದಿಂದ ಬಲ್ಲ ಮೋಟಾರು ಬಿಡಿಭಾಗಗಳ ಅಂಗಡಿಯೊಂದಿತ್ತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರು, ಕೆ.ಆರ್. ನಗರದ ನಾಲೆಯ ಬಯಲಿನ ರೈತರು, ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳವರು, ಹರಾಜುಕಟ್ಟೆಯಲ್ಲಿ ಸೊಪ್ಪು ಮಾರಿಯೋ ಭತ್ತದ ಹಣ ಕೈಸೇರಿಯೋ ಪೇಟೆಗೆ ಬಂದ ದಿನ, ಮನೆಯ ಸಾಮಾನಿನೊಡನೆ ಗಾಡಿಯ ಸಾಮಾನನ್ನೂ ಅಲ್ಲಿಯೇ ಕೊಂಡು ಊರಿಗೆ ಮರಳುತ್ತಿದ್ದರು.

ಆಗ ನಮ್ಮ ರಸ್ತೆಗಳಲ್ಲೆಲ್ಲ ಜಾವಾ ಮತ್ತು ಯೆಜ್ಡಿಗಳದೇ ಸದ್ದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಸಿದ್ಧವಾಗುತ್ತಿದ್ದ ಆ ಗಾಡಿಗಳನ್ನು ನಮ್ಮವರು ಮನೆಯ ಎತ್ತುಗಳಂತೆಯೇ ಅಕ್ಕರೆಯಿಂದ ಕಾಣುತ್ತಿದ್ದರು. ಅವುಗಳ ಬ್ರೇಕು ಡ್ರಮ್ಮಿನೊಳಗಿನದು. ಅದರಲ್ಲಿ ಎಣ್ಣೆಯಿಲ್ಲ, ಸೀಲಿಲ್ಲ. ಲೈನರು ಸವೆದುದನ್ನು ಕಣ್ಣೇ ಹೇಳುತ್ತಿತ್ತು, ಕೇಬಲ್ಲು ಸಡಿಲವಾದುದನ್ನು ಕೈಯೇ ಅರಿಯುತ್ತಿತ್ತು. ಆದುದರಿಂದ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಸಂದೇಹಕ್ಕೆ ಹೆಚ್ಚಿನ ಅವಕಾಶವಿರಲಿಲ್ಲ.

ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಮೂರು ವರ್ಷಗಳ ತರುವಾಯ ಬಂದ ಸಿಬಿಜೆಡ್, ಅನಂತರದ ಪಲ್ಸರ್ ಮುಂತಾದ ಗಾಡಿಗಳೊಡನೆ ಡಿಸ್ಕ್ ಬ್ರೇಕು ನಮ್ಮ ತಾಲ್ಲೂಕುಗಳಿಗೂ ಕಾಲಿಟ್ಟಾಗ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಬಳೆಗಳಂತೆ ಜೋಡಿಸಿಟ್ಟ ಕಪ್ಪು ರಬ್ಬರು ಸೀಲುಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ನೋಟಕ್ಕೆ ಅವೆಲ್ಲವೂ ಒಂದೇ. ಬೇರೆ ಊರಿನ ಅಂಗಡಿಯೊಂದರಲ್ಲಿ, ಹಳೆಯದನ್ನು ತೋರಿಸದೆಯೇ, ಕಣ್ಣಳತೆಯನ್ನು ನಂಬಿ ನಾನೊಮ್ಮೆ ಕ್ಯಾಲಿಪರಿನ ಸೀಲನ್ನು ಕೊಂಡು ಹಾಕಿಸಿದೆನು. ಹೆಗ್ಗಡದೇವನಕೋಟೆಯ ರಸ್ತೆಯಲ್ಲಿ ನಾಲ್ಕಾರು ಮೈಲಿ ಸಾಗುವಷ್ಟರಲ್ಲಿ, ಹಿಡಿಕೆಯನ್ನು ಬಿಟ್ಟರೂ ಬ್ರೇಕು ಬಿಡದೆ, ಡಿಸ್ಕು ಕಾದು, ಸುಟ್ಟ ವಾಸನೆ ಮೂಗಿಗೆ ಅಡರಿ, ಮುಂದಿನ ಚಕ್ರ ಭಾರವಾಗಿ ಗಾಡಿ ನಿಂತಿತು.

ನೂಕಿಕೊಂಡು ಬಂದ ಗಾಡಿಯನ್ನು ಬಿಚ್ಚಿದ ನಮ್ಮೂರಿನ ವೃದ್ಧ ಮೆಕ್ಯಾನಿಕ್, ಹಳೆಯ ಮತ್ತು ಹೊಸ ಸೀಲುಗಳೆರಡನ್ನೂ ಅಂಗೈಯಲ್ಲಿಟ್ಟು, “ಬ್ರೇಕು ಅಂದ್ರೆ ಹಿಡಿಯೋದೊಂದೇ ಅಲ್ಲ ಕಣಪ್ಪ, ಬುಡೋದೂ ಅದ್ರದೇ ಕೆಲ್ಸ” ಎಂದರು. ಆ ರಬ್ಬರು ಬಳೆಯ ಅಂಚು ಚೌಕಾಕಾರವಾದುದು. ಒಳಗಿನ ಎಣ್ಣೆಯ ಒತ್ತಡಕ್ಕೆ ಪಿಸ್ಟನ್ನು ಮುಂದೆ ಸರಿದಾಗ ಅದು ತುಸು ತಿರುಚಿಕೊಂಡು, ಒತ್ತಡ ಇಳಿದೊಡನೆ ಸ್ವಸ್ಥಾನಕ್ಕೆ ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ದಪ್ಪ ಹೆಚ್ಚಾದರೆ ಬ್ರೇಕು ಕಚ್ಚಿಕೊಳ್ಳುವುದು, ಕಡಿಮೆಯಾದರೆ ಎಣ್ಣೆ ಜಿನುಗುವುದು. ನನ್ನದರಲ್ಲಿ ದಪ್ಪವೇ ಹೆಚ್ಚಾಗಿದ್ದಿತೆಂಬುದನ್ನು ಅವರು ವರ್ನಿಯರಿನಿಂದ ಅಳೆದು ತೋರಿಸಿದರು.

ಅಳತೆಯೊಂದೇ ಸಾಲದೆಂಬುದನ್ನೂ ನಾನು ಕಲಿತದ್ದು ಅವರಿಂದಲೇ. ಬ್ರೇಕಿನ ಎಣ್ಣೆಯ ಟ್ಯಾಂಕಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಎಂದು ಬರೆದಿದ್ದರೆ ಅದೇ ದ್ರವಕ್ಕೆ ಒಗ್ಗುವ ರಬ್ಬರೇ ಬೇಕು. ಆ ರಬ್ಬರಿಗೆ ಎಂಜಿನ್ ಆಯಿಲ್ಲೋ ಪೆಟ್ರೋಲೋ ತಾಗಿದರೆ ಅದು ಊದಿಕೊಂಡು ಕೆಡುತ್ತದೆ. ಬ್ರೇಕಿನ ಎಣ್ಣೆಯೋ ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ತೆರೆದಿಟ್ಟ ಡಬ್ಬಿಯನ್ನು ಮಳೆಗಾಲದಲ್ಲಿ ಅವರು ಮುಟ್ಟುತ್ತಲೇ ಇರಲಿಲ್ಲ. ಗದ್ದೆಯ ಕೆಸರೂ ಕೋಟೆಯ ಕೆಂಪು ಧೂಳೂ ಪಿಸ್ಟನ್ನಿನ ಬಳಿ ಸೇರಿ ತುಕ್ಕು ಹಿಡಿಸಿದ್ದರೆ, ಅದನ್ನು ನಿವಾರಿಸದೆ ಹೊಸ ಸೀಲನ್ನು ಕೂಡಿಸುವುದು ವ್ಯರ್ಥವೆಂದೂ ಹೇಳುತ್ತಿದ್ದರು.

ಬಾಯಿಮಾತಿನಲ್ಲಿ ಸೀಲು ಕೇಳುವವರಿಗೆ ಅವರ ಉತ್ತರ ಒಂದೇ: “ಹಳೇದ್ ತಕ್ಕಂಡ್ ಬಾರಪ್ಪ.” ಇಂದು ಅಂಗಡಿಗಳಲ್ಲಿ ಗಾಡಿಯ ಮಾದರಿ ಮತ್ತು ವರ್ಷವನ್ನು ಹೇಳಿದರೆ ಸಾಕು, ಕಂಪ್ಯೂಟರಿನಲ್ಲಿ ಸಂಖ್ಯೆ ನೋಡಿ, ಮುದ್ರೆಯೊತ್ತಿದ ಪೊಟ್ಟಣವನ್ನೇ ಕೊಡುತ್ತಾರೆ, ಇದು ನಿಜಕ್ಕೂ ಒಳ್ಳೆಯ ಕಾಲವೇ. ಆದರೆ ಮಡದಿಯನ್ನು ಹಿಂದೆಯೂ ಮಗುವನ್ನು ಮುಂದೆಯೂ ಕೂರಿಸಿಕೊಂಡು ಸಂತೆಗೆ ಹೋಗುವ ನಮ್ಮ ಜನರ ಪ್ರಾಣ ಆ ಸಣ್ಣ ಬಳೆಯನ್ನು ಆಶ್ರಯಿಸಿರುವುದನ್ನು ಬಲ್ಲ ನಾನು, ಈಗಲೂ ಹಳೆಯ ಸೀಲನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೇ ಪೇಟೆಗೆ ಹೊರಡುತ್ತೇನೆ. ಪೊಟ್ಟಣವನ್ನು ಒಡೆದು, ಹೊಸದನ್ನೂ ಹಳೆಯದನ್ನೂ ಒಂದೇ ಅಂಗೈಯಲ್ಲಿಟ್ಟು ನೋಡಿದ ಮೇಲೆಯೇ ಹಣ ಕೊಡುತ್ತೇನೆ.